ಉಕ್ಕು ಮತ್ತು ಅಲ್ಯೂಮಿನಿಯಂ ಡಬ್ಬಿಗಳು

ಉಕ್ಕು ಮತ್ತು ಅಲ್ಯೂಮಿನಿಯಂ ಡಬ್ಬಿಗಳು ಆಹಾರ, ಪಾನೀಯ, ಎಣ್ಣೆ, ಬಣ್ಣ ಮೊದಲಾದವುಗಳನ್ನು ಗಾಳಿಯಾಡದಂತೆ ಮುಚ್ಚಿಡಲು ತೆಳುವಾದ ಲೋಹದ ತಗಡಿನಿಂದ ತಯಾರಿಸುವ ಧಾರಕಗಳು. ಆಡುಮಾತಿನಲ್ಲಿ ಇವಕ್ಕೆ ಟಿನ್, ಡಬ್ಬ, ತಗಡಿನ ಡಬ್ಬಿ ಎಂಬ ಹೆಸರುಗಳಿವೆ. ತಂಪು ಪಾನೀಯ ಮತ್ತು ಬಿಯರಿನ ಡಬ್ಬಿಯನ್ನು ಕ್ಯಾನ್ ಎನ್ನುವುದು ರೂಢಿ. (ಮನೆಗಳಿಗೆ ಕುಡಿಯುವ ನೀರು ತರುವ 20 ಲೀಟರಿನ ‘ಕ್ಯಾನ್’ ಪ್ಲಾಸ್ಟಿಕ್ಕಿನದಾದ್ದರಿಂದ ಈ ಲೇಖನಕ್ಕೆ ಸಂಬಂಧಿಸಿದ್ದಲ್ಲ.) ‘ಟಿನ್’ ಎಂಬ ಹೆಸರಿದ್ದರೂ ಡಬ್ಬಿಯಲ್ಲಿ ತವರದ ಪಾಲು ತೀರ ಅಲ್ಪ. ಉಕ್ಕಿನ ತಗಡಿನ ಮೇಲೆ ತವರದ ಅತಿ ತೆಳುವಾದ ಪದರವಿರುತ್ತದೆ, ಅಷ್ಟೇ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವ ಹಳೆಯ ಪದ್ಧತಿಯ ಹಿಂದೆಯೂ ಇದೇ ಉದ್ದೇಶವಿತ್ತು: ಅಡಿಯ ಲೋಹ ಆಹಾರಕ್ಕೆ ತಾಗದಿರಲಿ ಎಂಬುದು.

ಎರಡೂ ಲೋಹಗಳನ್ನು ಕರಗಿಸಿ ಮತ್ತೆ ಬಳಸಬಹುದು. ಲೋಹದ ಡಬ್ಬಿಯನ್ನು ‘ಅನಂತವಾಗಿ ಮರುಬಳಸಬಹುದಾದ ವಸ್ತು’ ಎಂದು ಉದ್ಯಮ ಪ್ರಚಾರ ಮಾಡುತ್ತದೆ. ಲೋಹದ ಮಟ್ಟಿಗೆ ಈ ಮಾತು ನಿಜ. ಡಬ್ಬಿಯ ಮಟ್ಟಿಗೆ ಅದು ಎಷ್ಟು ನಿಜವಾಗುತ್ತದೆ ಎಂಬುದು ಮಿಶ್ರಲೋಹದ ರಚನೆ, ಲೇಪನ, ವಿಂಗಡಣೆ, ಎಲ್ಲಕ್ಕಿಂತ ಮುಖ್ಯವಾಗಿ ಸಂಗ್ರಹಣೆಯನ್ನು ಅವಲಂಬಿಸಿದೆ. ಕನ್ನಡದಲ್ಲಿ ‘ಮರುಬಳಕೆ’ ಎಂಬ ಒಂದೇ ಪದವನ್ನು ಖಾಲಿ ಡಬ್ಬಿಯನ್ನು ಹಾಗೆಯೇ ಮತ್ತೆ ಉಪಯೋಗಿಸುವುದಕ್ಕೂ ಕರಗಿಸಿ ಹೊಸ ಲೋಹ ಮಾಡುವುದಕ್ಕೂ ಬಳಸಲಾಗುತ್ತದೆ. ಈ ಲೇಖನದಲ್ಲಿ, ಬೇರೆ ಹೇಳದ ಕಡೆ, ಎರಡನೆಯ ಅರ್ಥವನ್ನೇ ಇಟ್ಟುಕೊಳ್ಳಲಾಗಿದೆ.

ಇತಿಹಾಸ

ಆಹಾರವನ್ನು ಮುಚ್ಚಿದ ಪಾತ್ರೆಯಲ್ಲಿ ಕುದಿಸಿ ಕೆಡದಂತೆ ಇಡುವ ವಿಧಾನವನ್ನು ರೂಪಿಸಿದ್ದಕ್ಕಾಗಿ ಫ್ರಾನ್ಸಿನ ನಿಕೋಲಾ ಅಪೇರ್ 1810ರಲ್ಲಿ ಅಲ್ಲಿನ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದನು. ಅವನು ಬಳಸಿದ್ದು ಗಾಜಿನ ಸೀಸೆಗಳನ್ನು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ಪಡೆದ ಪೇಟೆಂಟಿನಲ್ಲಿ ತವರ ಲೇಪಿತ ಲೋಹದ ಪಾತ್ರೆಗಳ ಉಲ್ಲೇಖವಿದೆ. ಬ್ರಯನ್ ಡಾಂಕಿನ್ ಮತ್ತು ಜಾನ್ ಹಾಲ್ 1813ರ ಹೊತ್ತಿಗೆ ಲಂಡನ್ನಿನ ಬರ್ಮಂಡ್ಸಿಯಲ್ಲಿ ಡಬ್ಬಿಯ ಆಹಾರವನ್ನು ತಯಾರಿಸಿ ಬ್ರಿಟಿಷ್ ಸೇನೆಗೆ ಒದಗಿಸತೊಡಗಿದರು. ಡಬ್ಬಿ ತೆರೆಯುವ ಉಪಕರಣ ಬಂದದ್ದು ಮಾತ್ರ 1850ರ ದಶಕದಲ್ಲಿ. ಅಲ್ಲಿಯವರೆಗೆ ಉಳಿ ಮತ್ತು ಸುತ್ತಿಗೆಯೇ ಗತಿಯಾಗಿತ್ತು.

ಅಲ್ಯೂಮಿನಿಯಮ್ಮನ್ನು ಅಗ್ಗವಾಗಿ ಪಡೆಯುವ ಹಾಲ್–ಎರೂ ವಿದ್ಯುದ್ವಿಭಜನಾ ವಿಧಾನ 1886ರಲ್ಲಿ ಪತ್ತೆಯಾದರೂ ಆ ಲೋಹ ಡಬ್ಬಿಯ ರೂಪ ತಾಳಲು ಏಳು ದಶಕಗಳು ಬೇಕಾದವು. ಡಬ್ಬಿಯಲ್ಲಿ ತುಂಬಿದ ಬಿಯರ್ 1935ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಆ ಡಬ್ಬಿ ಉಕ್ಕಿನದಾಗಿತ್ತು. ಕೂರ್ಸ್ ಕಂಪನಿ 1959ರಲ್ಲಿ ಅಲ್ಯೂಮಿನಿಯಂ ಡಬ್ಬಿಯಲ್ಲಿ ಬಿಯರ್ ಮಾರಲು ಆರಂಭಿಸಿತು. ಖಾಲಿ ಡಬ್ಬಿಯನ್ನು ಹಿಂತಿರುಗಿಸಿದವರಿಗೆ ಒಂದು ಸೆಂಟ್ ಕೊಡುವ ಏರ್ಪಾಡನ್ನೂ ಆಗಲೇ ಮಾಡಿತ್ತು. 1960ರ ದಶಕದಲ್ಲಿ ಬಂದ ಕಿತ್ತೆಸೆಯುವ ಉಂಗುರವು ಕಡಲತೀರಗಳಲ್ಲಿ ಕಸವಾಗಿ ಬಿದ್ದು ಕಾಲಿಗೆ ಚುಚ್ಚುತ್ತಿದ್ದುದರಿಂದ, 1975ರಿಂದ ಮುಚ್ಚಳಕ್ಕೇ ಅಂಟಿಕೊಂಡಿರುವ ಈಗಿನ ಮಾದರಿಯ ಬಿರಡೆ ಬಳಕೆಗೆ ಬಂತು. ಇದರಿಂದ ಬಿರಡೆಯ ಲೋಹವೂ ಡಬ್ಬಿಯೊಂದಿಗೇ ಕುಲುಮೆಗೆ ಹಿಂತಿರುಗುವಂತಾಯಿತು.

ಉಕ್ಕಿನ ಡಬ್ಬಿ

ಉಕ್ಕಿನ ಡಬ್ಬಿಗೆ ಬಳಸುವುದು ಇಂಗಾಲದ ಅಂಶ ಕಡಿಮೆಯಿರುವ ಮೆದು ಉಕ್ಕು. ತಗಡಿನ ದಪ್ಪ ಸಾಮಾನ್ಯವಾಗಿ 0.15ರಿಂದ 0.3 ಮಿಲಿಮೀಟರ್. ಅದರ ಎರಡೂ ಬದಿಗೆ ವಿದ್ಯುಲ್ಲೇಪನದ ಮೂಲಕ ತವರವನ್ನು ಹಚ್ಚುತ್ತಾರೆ. ಒಂದು ಚದರ ಮೀಟರಿಗೆ 2.8 ಗ್ರಾಂ ತವರವೆಂದರೆ ಪದರದ ದಪ್ಪ ಸುಮಾರು 0.4 ಮೈಕ್ರೋಮೀಟರ್. ಈ ಲೆಕ್ಕದಲ್ಲಿ 0.2 ಮಿಲಿಮೀಟರ್ ದಪ್ಪದ ತಗಡಿನ ತೂಕದಲ್ಲಿ ತವರದ ಪಾಲು ಶೇ. 0.4ಕ್ಕೂ ಕಡಿಮೆ. ತವರದ ಬದಲು ಕ್ರೋಮಿಯಂ ಮತ್ತು ಅದರ ಆಕ್ಸೈಡಿನ ಪದರವಿರುವ ‘ತವರರಹಿತ ಉಕ್ಕು’ ಕೂಡ ಬಳಕೆಯಲ್ಲಿದೆ. ಅದನ್ನು ಹೆಚ್ಚಾಗಿ ಮುಚ್ಚಳ ಮತ್ತು ತಳಕ್ಕೆ ಉಪಯೋಗಿಸುತ್ತಾರೆ.

ತವರವು ಉಕ್ಕನ್ನು ಕಾಯುವ ರೀತಿ ಡಬ್ಬಿಯ ಹೊರಗೊಂದು, ಒಳಗೊಂದು. ಹೊರಗೆ, ಗಾಳಿ ಮತ್ತು ತೇವ ಇರುವಲ್ಲಿ, ತವರವು ಕಬ್ಬಿಣಕ್ಕಿಂತ ಕಡಿಮೆ ಕ್ರಿಯಾಶೀಲ. ಪದರ ಅಖಂಡವಾಗಿರುವವರೆಗೆ ಅದು ಗೋಡೆಯಂತೆ ಕಾಯುತ್ತದೆ. ಗೀರು ಬಿದ್ದರೆ ಮಾತ್ರ ಆ ಜಾಗದಲ್ಲಿ ಕಬ್ಬಿಣವೇ ಮೊದಲು ಆಹುತಿಯಾಗಿ ಬೇಗ ತುಕ್ಕು ಹಿಡಿಯುತ್ತದೆ. ಮುಚ್ಚಿದ ಡಬ್ಬಿಯೊಳಗೆ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಹಣ್ಣಿನ ಆಮ್ಲಗಳು ಕರಗಿದ ತವರದ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಸಂಬಂಧ ತಲೆಕೆಳಗಾಗುತ್ತದೆ: ತವರವೇ ನಿಧಾನವಾಗಿ ಕರಗುತ್ತ ಕಬ್ಬಿಣವನ್ನು ಉಳಿಸುತ್ತದೆ. ಅನಾನಸಿನಂತಹ ತಿಳಿಬಣ್ಣದ ಹಣ್ಣುಗಳನ್ನು ಒಳಲೇಪನವಿಲ್ಲದ ಡಬ್ಬಿಯಲ್ಲಿ ತುಂಬಲು ಸಾಧ್ಯವಾಗುವುದು ಇದರಿಂದಲೇ; ಕರಗಿದ ತವರ ಹಣ್ಣಿನ ಬಣ್ಣ ಕಪ್ಪಾಗದಂತೆಯೂ ನೋಡಿಕೊಳ್ಳುತ್ತದೆ. ಡಬ್ಬಿಯನ್ನು ತೆರೆದೊಡನೆ ಗಾಳಿಯ ಆಮ್ಲಜನಕ ಸೇರಿ ತವರ ಕರಗುವ ವೇಗ ಬಹಳ ಹೆಚ್ಚುತ್ತದೆ. ಆದ್ದರಿಂದ ತೆರೆದ ಡಬ್ಬಿಯಲ್ಲಿ ಉಳಿದ ಹಣ್ಣನ್ನು ಬೇರೆ ಪಾತ್ರೆಗೆ ತೆಗೆದಿಡಬೇಕೆಂಬ ಸೂಚನೆ ಇರುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನಕಗಳನ್ನು ರೂಪಿಸುವ ಕೋಡೆಕ್ಸ್ ಸಂಸ್ಥೆಯು ಡಬ್ಬಿಯ ಆಹಾರದಲ್ಲಿ ತವರದ ಮಿತಿಯನ್ನು ಪ್ರತಿ ಕಿಲೋಗ್ರಾಮಿಗೆ 250 ಮಿಲಿಗ್ರಾಂ, ಪಾನೀಯಗಳಲ್ಲಿ 150 ಮಿಲಿಗ್ರಾಂ ಎಂದು ನಿಗದಿ ಮಾಡಿದೆ.

ಆಹಾರದ ಡಬ್ಬಿಗೆ ಉಕ್ಕು ಒಗ್ಗುವುದಕ್ಕೆ ಅದರ ಬಿಗುವು ಮುಖ್ಯ ಕಾರಣ. ಆಮ್ಲಾಂಶ ಕಡಿಮೆಯಿರುವ ಆಹಾರವನ್ನು ಮುಚ್ಚಿದ ಡಬ್ಬಿಯಲ್ಲೇ ಸುಮಾರು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ತಣಿದ ಮೇಲೆ ಒಳಗೆ ಭಾಗಶಃ ನಿರ್ವಾತ ಉಂಟಾಗಿ ಹೊರಗಿನ ಗಾಳಿ ಡಬ್ಬಿಯನ್ನು ಒಳಕ್ಕೆ ಅದುಮುತ್ತದೆ. ಮೈಮೇಲೆ ಕಾಣುವ ಅಡ್ಡ ಉಬ್ಬುಗೆರೆಗಳು ಅಲಂಕಾರಕ್ಕಿರುವುದಲ್ಲ. ಈ ಅದುಮುವಿಕೆಯನ್ನು ತಡೆಯಲೆಂದೇ ಅವನ್ನು ಮೂಡಿಸುತ್ತಾರೆ. ಮುಚ್ಚಳ ಅಥವಾ ತಳ ಹೊರಕ್ಕೆ ಊದಿಕೊಂಡಿದ್ದರೆ ಒಳಗೆ ಅನಿಲ ಹುಟ್ಟಿದೆ ಎಂದರ್ಥ. ಅದು ಲೋಹ ಮತ್ತು ಆಮ್ಲದ ಕ್ರಿಯೆಯಿಂದ ಬಂದ ಜಲಜನಕವಿರಬಹುದು, ಸೂಕ್ಷ್ಮಜೀವಿಗಳಿಂದ ಬಂದ ಅನಿಲವೂ ಇರಬಹುದು. ಹೊರಗಿನಿಂದ ಭೇದ ತಿಳಿಯುವುದಿಲ್ಲ. ಮಾರಕವಾದ ಬಾಟುಲಿನಂ ವಿಷದ ಸಾಧ್ಯತೆ ಇರುವುದರಿಂದ ಇಂತಹ ಡಬ್ಬಿಯ ಆಹಾರವನ್ನು ರುಚಿ ನೋಡಲೂ ಬಾರದು.

ಮೂರು ತುಂಡಿನ ಉಕ್ಕಿನ ಡಬ್ಬಿಯ ಮೈಯ ಜೋಡಣೆಯನ್ನು ಹಿಂದೆ ಸೀಸ ಬೆರೆತ ಬೆಸುಗೆಯಿಂದ ಮಾಡುತ್ತಿದ್ದರು. ಸೀಸ ಆಹಾರಕ್ಕೆ ಸೇರುತ್ತಿದ್ದುದರಿಂದ ಈ ಪದ್ಧತಿ ಕ್ರಮೇಣ ಹಿಂದೆ ಸರಿಯಿತು. ಅಮೆರಿಕ 1995ರಲ್ಲಿ ಇದನ್ನು ಆಹಾರದ ಡಬ್ಬಿಗಳಿಗೆ ನಿಷೇಧಿಸಿತು. ಈಗ ವಿದ್ಯುತ್ ಬೆಸುಗೆಯೇ ವಾಡಿಕೆ.

ಅಲ್ಯೂಮಿನಿಯಂ ಡಬ್ಬಿ

ಅಲ್ಯೂಮಿನಿಯಮ್ಮಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ, ಉಕ್ಕಿನದು ಸುಮಾರು 7.85. ಬಿಗುವಿನಲ್ಲೂ ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದರಷ್ಟೇ. ಇಷ್ಟು ಮೆದುವಾದ ಲೋಹವು ಕೇವಲ 0.1 ಮಿಲಿಮೀಟರ್ ದಪ್ಪದ ಗೋಡೆಯೊಂದಿಗೆ ಡಬ್ಬಿಯಾಗಿ ನಿಲ್ಲುವುದು ಒಳಗಿನ ಅನಿಲದ ಬಲದಿಂದ. ಸೋಡಾ ಅಥವಾ ಬಿಯರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಗೋಡೆಯನ್ನು ಹೊರಕ್ಕೆ ಒತ್ತಿ ಬಿಗಿಯಾಗಿ ಹಿಡಿದಿರುತ್ತದೆ. ತುಂಬಿದ ಡಬ್ಬಿಯ ಮೇಲೆ ಇತರ ಡಬ್ಬಿಗಳನ್ನು ಪೇರಿಸಬಹುದು. ಖಾಲಿ ಡಬ್ಬಿ ಅಂಗೈಯಲ್ಲೇ ಮುದುಡುತ್ತದೆ. ಅನಿಲವಿಲ್ಲದ ಹಣ್ಣಿನ ರಸ ತುಂಬುವಾಗ ಮುಚ್ಚುವ ಮುನ್ನ ದ್ರವ ಸಾರಜನಕದ ಒಂದು ಹನಿ ಹಾಕಿ, ಅದು ಆವಿಯಾಗುವುದರಿಂದ ಬೇಕಾದ ಒತ್ತಡವನ್ನು ಪಡೆಯುತ್ತಾರೆ. ತಳವನ್ನು ಒಳಕ್ಕೆ ಬಾಗಿದ ಗುಮ್ಮಟದಂತೆ ಮಾಡುವುದೂ ಒತ್ತಡ ತಡೆಯಲೆಂದೇ.

ಮೈ ಮತ್ತು ತಳ ಒಂದೇ ತುಂಡು. ಕಾಲು ಮಿಲಿಮೀಟರಿಗಿಂತ ತುಸು ದಪ್ಪದ ತಗಡಿನ ಬಿಲ್ಲೆಯನ್ನು ಬಟ್ಟಲಿನಂತೆ ಒತ್ತಿ, ಅನಂತರ ಒಂದಕ್ಕಿಂತ ಒಂದು ಕಿರಿದಾದ ಬಳೆಗಳ ಮೂಲಕ ತಳ್ಳಿ ಗೋಡೆಯನ್ನು ತೆಳುಗೊಳಿಸಿ ಎತ್ತರಿಸುತ್ತಾರೆ. ಇಷ್ಟು ಹಿಗ್ಗಲು ಮೆದುವಾದ ಮಿಶ್ರಲೋಹ ಬೇಕು: ಮೈಯಲ್ಲಿ ಸುಮಾರು ಶೇ. 1ರಷ್ಟು ಮ್ಯಾಂಗನೀಸ್, ಅಷ್ಟೇ ಮೆಗ್ನೀಸಿಯಂ ಇರುತ್ತದೆ. ಮುಚ್ಚಳ ಚಪ್ಪಟೆಯಾಗಿದ್ದೂ ಒತ್ತಡ ತಡೆಯಬೇಕಾದ್ದರಿಂದ ಅದಕ್ಕೆ ಸುಮಾರು ಶೇ. 4.5 ಮೆಗ್ನೀಸಿಯಂ ಇರುವ ಗಟ್ಟಿ ಮಿಶ್ರಲೋಹವನ್ನು ಬಳಸುತ್ತಾರೆ. ಮುಚ್ಚಳ ದುಬಾರಿಯಾದ್ದರಿಂದ ಅದನ್ನು ಚಿಕ್ಕದು ಮಾಡಲು ಡಬ್ಬಿಯ ಕುತ್ತಿಗೆಯನ್ನೇ ಕಿರಿದುಗೊಳಿಸುತ್ತ ಬರಲಾಗಿದೆ. ಒಂದು ಕಾಲದಲ್ಲಿ ಸುಮಾರು 68 ಮಿಲಿಮೀಟರ್ ಇದ್ದ ಅದರ ವ್ಯಾಸ ಈಗ ಬಹುಪಾಲು ಡಬ್ಬಿಗಳಲ್ಲಿ 54 ಮಿಲಿಮೀಟರಿಗೆ ಇಳಿದಿದೆ. ಸಾಮಾನ್ಯ ಗಾತ್ರದ ಖಾಲಿ ಡಬ್ಬಿಯ ತೂಕ ಈಗ ಸುಮಾರು 13 ಗ್ರಾಂ. ಒಂದೇ ಡಬ್ಬಿಯಲ್ಲಿ ಎರಡು ಮಿಶ್ರಲೋಹಗಳಿರುವ ಈ ಸಂಗತಿ ಮರುಬಳಕೆಯ ಹಂತದಲ್ಲಿ ತೊಡಕಾಗುತ್ತದೆ.

ಒಳಲೇಪನ

ಅಲ್ಯೂಮಿನಿಯಂ ಗಾಳಿ ತಾಕಿದೊಡನೆ ತನ್ನ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರವನ್ನು ತಾನೇ ಮೂಡಿಸಿಕೊಳ್ಳುತ್ತದೆ. ಆದರೆ ಈ ಪದರ ಪ್ರಬಲ ಆಮ್ಲದಲ್ಲೂ ಕ್ಷಾರದಲ್ಲೂ ಕರಗುತ್ತದೆ. ಕೋಲಾ ಪಾನೀಯಗಳ ಪಿಎಚ್ ಮೌಲ್ಯ ಸುಮಾರು 2.5 ಇರುವುದರಿಂದ ಡಬ್ಬಿಯ ಒಳಮೈಗೆ ರಾಳದ ಲೇಪನ ಅನಿವಾರ್ಯ. ಉಕ್ಕಿನ ಡಬ್ಬಿಗಳಲ್ಲೂ ಹೆಚ್ಚಿನವಕ್ಕೆ ಇದಿರುತ್ತದೆ. ಬಹುಕಾಲ ಬಳಕೆಯಲ್ಲಿದ್ದ ಎಪಾಕ್ಸಿ ರಾಳದ ತಯಾರಿಕೆಗೆ ಬಿಸ್ಫಿನಾಲ್–ಎ ಬೇಕು. ದೇಹದ ಹಾರ್ಮೋನುಗಳ ಕೆಲಸದಲ್ಲಿ ಕೈಹಾಕುವ ಈ ರಾಸಾಯನಿಕ ಅತ್ಯಲ್ಪ ಪ್ರಮಾಣದಲ್ಲಿ ಆಹಾರಕ್ಕೆ ಸೇರುತ್ತದೆ. ಐರೋಪ್ಯ ಆಹಾರ ಸುರಕ್ಷಾ ಪ್ರಾಧಿಕಾರವು 2023ರಲ್ಲಿ ಇದರ ಸಹ್ಯ ದೈನಿಕ ಪ್ರಮಾಣವನ್ನು ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 0.2 ನ್ಯಾನೋಗ್ರಾಮಿಗೆ ಇಳಿಸಿತು. 2024ರ ಡಿಸೆಂಬರಿನಲ್ಲಿ ಐರೋಪ್ಯ ಒಕ್ಕೂಟ ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಅದರ ಬಳಕೆಯನ್ನು, ಬದಲಾವಣೆಗೆ ಕಾಲಾವಕಾಶ ಕೊಟ್ಟು, ನಿಷೇಧಿಸಿತು.

ವಿಂಗಡಣೆ

ಉಕ್ಕಿನ ಡಬ್ಬಿಯನ್ನು ಅಯಸ್ಕಾಂತ ಎಳೆದುಕೊಳ್ಳುತ್ತದೆ. ಕಸದ ರಾಶಿಯಿಂದ ಇಷ್ಟು ಸುಲಭವಾಗಿ ಬೇರ್ಪಡುವ ವಸ್ತು ಬೇರೊಂದಿಲ್ಲ. ಅಲ್ಯೂಮಿನಿಯಮ್ಮನ್ನು ಬೇರ್ಪಡಿಸಲು ವೇಗವಾಗಿ ತಿರುಗುವ ಅಯಸ್ಕಾಂತಗಳ ಉರುಳೆಯ ಮೇಲೆ ಕಸವನ್ನು ಸಾಗಿಸುತ್ತಾರೆ. ಬದಲಾಗುವ ಕಾಂತಕ್ಷೇತ್ರವು ಲೋಹದಲ್ಲಿ ಸುಳಿ ಪ್ರವಾಹಗಳನ್ನು ಹುಟ್ಟಿಸುತ್ತದೆ. ಆ ಪ್ರವಾಹಗಳ ಕಾಂತಕ್ಷೇತ್ರ ಉರುಳೆಯದಕ್ಕೆ ವಿರುದ್ಧವಾಗಿರುವುದರಿಂದ ಡಬ್ಬಿ ಚಿಮ್ಮಿ ದೂರ ಬೀಳುತ್ತದೆ. ಹಗುರವಾಗಿದ್ದೂ ಉತ್ತಮ ವಿದ್ಯುದ್ವಾಹಕವಾದ್ದರಿಂದ ಅಲ್ಯೂಮಿನಿಯಮ್ಮಿಗೆ ಈ ವಿಧಾನ ಚೆನ್ನಾಗಿ ಒಪ್ಪುತ್ತದೆ. ಯಂತ್ರಗಳಿಲ್ಲದ ಗುಜರಿ ಅಂಗಡಿಗಳಲ್ಲಿ ಚಿಕ್ಕದೊಂದು ಅಯಸ್ಕಾಂತ ಮತ್ತು ಅನುಭವಿಯ ಕಣ್ಣು ಇದೇ ಕೆಲಸ ಮಾಡುತ್ತವೆ. ಉಕ್ಕಿನ ಮೈಗೆ ಅಲ್ಯೂಮಿನಿಯಂ ಮುಚ್ಚಳವಿರುವ ಮಿಶ್ರ ಡಬ್ಬಿಗಳು ಅಯಸ್ಕಾಂತದ ಪಾಲಾಗುತ್ತವೆ. ಉಕ್ಕಿನ ಕುಲುಮೆಯಲ್ಲಿ ಆ ಮುಚ್ಚಳ ಆಕ್ಸೈಡಾಗಿ ಕಿಟ್ಟದೊಂದಿಗೆ ಹೋಗುತ್ತದೆ. ಅಲ್ಯೂಮಿನಿಯಮ್ಮಾಗಿ ಅದು ಮರಳಿ ಸಿಗುವುದಿಲ್ಲ.

ಉಕ್ಕಿನ ಮರುಬಳಕೆ

ಒಂದು ಟನ್ ಗುಜರಿ ಉಕ್ಕನ್ನು ಬಳಸಿದರೆ ಸುಮಾರು 1.4 ಟನ್ ಕಬ್ಬಿಣದ ಅದಿರು ಮತ್ತು 740 ಕಿಲೋಗ್ರಾಂ ಕಲ್ಲಿದ್ದಲು ಉಳಿಯುತ್ತದೆ ಎಂಬುದು ಉಕ್ಕು ಉದ್ಯಮದ ಅಂದಾಜು. ವಿದ್ಯುತ್ ಚಾಪ ಕುಲುಮೆಯಲ್ಲಿ ಪೂರ್ಣವಾಗಿ ಗುಜರಿಯನ್ನೇ ಕರಗಿಸಬಹುದು. ಆಮ್ಲಜನಕ ಊದುವ ಪರಿವರ್ತಕದಲ್ಲಿ ಅದರ ಪಾಲು ಸುಮಾರು ಕಾಲುಭಾಗಕ್ಕೆ ಸೀಮಿತ.

ಇಲ್ಲಿ ತೊಂದರೆ ಕೊಡುವುದು ತವರ. ಉಕ್ಕನ್ನು ಶುದ್ಧಗೊಳಿಸುವಾಗ ಬೇಡದ ಧಾತುಗಳನ್ನು ಉತ್ಕರ್ಷಿಸಿ ಕಿಟ್ಟಕ್ಕೆ ಸೇರಿಸುತ್ತಾರೆ. ತವರ ಮತ್ತು ತಾಮ್ರ ಕಬ್ಬಿಣಕ್ಕಿಂತ ಸುಲಭವಾಗಿ ಉತ್ಕರ್ಷಣೆ ಹೊಂದುವುದಿಲ್ಲವಾದ್ದರಿಂದ ಉಕ್ಕಿನಲ್ಲೇ ಉಳಿಯುತ್ತವೆ. ಇವೆರಡೂ ಹೆಚ್ಚಾದರೆ ಕಾಯಿಸಿ ಉರುಳಿಸುವಾಗ ಉಕ್ಕಿನ ಮೇಲ್ಮೈ ಬಿರಿಯುತ್ತದೆ. ಇದಕ್ಕೆ ಎರಡು ದಾರಿಗಳಿವೆ. ಡಬ್ಬಿಗಳನ್ನು ಬೇರೆ ಉಕ್ಕಿನೊಂದಿಗೆ ಸ್ವಲ್ಪ ಸ್ವಲ್ಪವೇ ಬೆರೆಸುವುದು ಒಂದು. ಬಿಸಿಯಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಉತ್ಕರ್ಷಕದೊಂದಿಗೆ ತೋಯಿಸಿ ತವರವನ್ನು ಕರಗಿಸಿ, ಆ ದ್ರಾವಣದಿಂದ ವಿದ್ಯುದ್ವಿಭಜನೆಯ ಮೂಲಕ ತವರವನ್ನು ಮರಳಿ ಪಡೆಯುವುದು ಇನ್ನೊಂದು. ಎರಡನೆಯದರಲ್ಲಿ ಶುದ್ಧ ಉಕ್ಕಿನ ಜೊತೆಗೆ ಬೆಲೆಬಾಳುವ ತವರವೂ ಸಿಗುತ್ತದೆ. ಆದರೆ ತವರದ ಪದರ ತೆಳುವಾದಷ್ಟೂ ಇದರ ಲಾಭ ಕುಗ್ಗುತ್ತದೆ.

ಅಲ್ಯೂಮಿನಿಯಂ ಮರುಬಳಕೆ

ಒಂದು ಟನ್ ಅಲ್ಯೂಮಿನಿಯಮ್ಮಿಗೆ ಸ್ಥೂಲವಾಗಿ 4 ಟನ್ ಬಾಕ್ಸೈಟ್ ಬೇಕು. ಅದರಿಂದ 2 ಟನ್ ಅಲ್ಯೂಮಿನಾ ಬರುತ್ತದೆ. ಕರ್ನಾಟಕದ ಬೆಳಗಾವಿಯಲ್ಲಿರುವ ಹಿಂಡಾಲ್ಕೊ ಕಂಪನಿಯ ಘಟಕ ಬಾಕ್ಸೈಟನ್ನು ಅಲ್ಯೂಮಿನಾ ಮಾಡುವಂಥದ್ದು. ಈ ಹಂತದಲ್ಲಿ ಉಳಿಯುವ ಕ್ಷಾರಯುಕ್ತ ಕೆಂಪು ಕೆಸರಿನ ವಿಲೇವಾರಿ ಜಗತ್ತಿನೆಲ್ಲೆಡೆ ಸಮಸ್ಯೆ. ಮುಂದೆ ಅಲ್ಯೂಮಿನಾವನ್ನು ವಿದ್ಯುದ್ವಿಭಜಿಸಲು ಪ್ರತಿ ಕಿಲೋಗ್ರಾಂ ಲೋಹಕ್ಕೆ ಸುಮಾರು 14 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. 13 ಗ್ರಾಮಿನ ಒಂದು ಡಬ್ಬಿಗೆ ಇದು ಸುಮಾರು 0.18 ಯೂನಿಟ್, ಅಂದರೆ 9 ವಾಟಿನ ಎಲ್‌ಇಡಿ ಬಲ್ಬನ್ನು 20 ಗಂಟೆ ಉರಿಸುವಷ್ಟು. ಹಳೆಯ ಡಬ್ಬಿಯನ್ನು ಕರಗಿಸಿದರೆ ಹೊಸ ಲೋಹಕ್ಕೆ ಬೇಕಾಗುವ ಒಟ್ಟು ಶಕ್ತಿಯಲ್ಲಿ ಶೇ. 95ರಷ್ಟು ಉಳಿಯುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲೇ.

ಡಬ್ಬಿಗಳನ್ನು ಚೂರು ಮಾಡಿ, ಸುಮಾರು 500 ಡಿಗ್ರಿಯ ಬಿಸಿಗಾಳಿಯಲ್ಲಿ ಬಣ್ಣ ಮತ್ತು ಲೇಪನವನ್ನು ಸುಟ್ಟು, ಅನಂತರ ಕರಗಿಸುತ್ತಾರೆ. ತಗಡು ತೀರ ತೆಳುವಾದ್ದರಿಂದ ತೂಕಕ್ಕೆ ಹೋಲಿಸಿದರೆ ಗಾಳಿಗೆ ತೆರೆದಿರುವ ಮೈ ಬಹಳ. ಕರಗುವ ಮುನ್ನವೇ ಒಂದಿಷ್ಟು ಲೋಹ ಆಕ್ಸೈಡಾಗಿ ಕೈಬಿಡುತ್ತದೆ. ಲವಣಗಳನ್ನು ಬೆರೆಸಿಯೋ ಚೂರುಗಳನ್ನು ಕರಗಿದ ಲೋಹದಲ್ಲಿ ತಕ್ಷಣ ಮುಳುಗಿಸಿಯೋ ಈ ನಷ್ಟವನ್ನು ತಗ್ಗಿಸುತ್ತಾರೆ. ಲೇಪನವನ್ನು ತೆಗೆಯದೆ ಸಣ್ಣ ಕುಲುಮೆಗಳಲ್ಲಿ ಕರಗಿಸುವಲ್ಲಿ ನಷ್ಟ ಹೆಚ್ಚು. ಹೊಗೆ ಅಲ್ಲಿ ಕೆಲಸ ಮಾಡುವವರ ಶ್ವಾಸಕೋಶ ಸೇರುತ್ತದೆ.

ಮೈ ಮತ್ತು ಮುಚ್ಚಳ ಒಟ್ಟಿಗೆ ಕರಗಿದಾಗ ಬರುವ ಲೋಹ ಎರಡಕ್ಕೂ ನೇರವಾಗಿ ಒಗ್ಗುವುದಿಲ್ಲ. ಮುಚ್ಚಳಕ್ಕೆ ಬೇಕಾದಷ್ಟು ಮೆಗ್ನೀಸಿಯಂ ಅದರಲ್ಲಿಲ್ಲ. ಮೈಗೆ ಅದು ಹೆಚ್ಚಾಯಿತು. ಮೈಯ ತಗಡಿಗಾದರೆ ಬೇರೆ ಲೋಹ ಬೆರೆಸಿ ಹದಕ್ಕೆ ತರಬಹುದು. ಮುಚ್ಚಳದ ಮಿಶ್ರಲೋಹ ಮ್ಯಾಂಗನೀಸ್ ಮತ್ತು ಕಲ್ಮಶಗಳನ್ನು ಅಷ್ಟಾಗಿ ಸಹಿಸುವುದಿಲ್ಲ. ಹೀಗಾಗಿ ಮರುಬಳಕೆಯ ಲೋಹದ ಪಾಲು ಮೈಯಲ್ಲಿ ಹೆಚ್ಚು, ಮುಚ್ಚಳದಲ್ಲಿ ಕಡಿಮೆ. ಡಬ್ಬಿಗಳು ಪಾತ್ರೆ, ಕಿಟಕಿ ಚೌಕಟ್ಟು, ಎಂಜಿನ್ ಬಿಡಿಭಾಗಗಳೊಂದಿಗೆ ಬೆರೆತು ಕರಗಿದರೆ ಸಿಲಿಕಾನ್ ಮತ್ತು ಕಬ್ಬಿಣ ಸೇರಿ, ಎರಕಕ್ಕೆ ಮಾತ್ರ ಯೋಗ್ಯವಾದ ಲೋಹ ಬರುತ್ತದೆ. ಆ ಧಾತುಗಳನ್ನು ಮತ್ತೆ ಹೊರತೆಗೆಯುವುದು ವ್ಯಾವಹಾರಿಕವಾಗಿ ಸಾಧ್ಯವಿಲ್ಲ. ಲೋಹ ಬಳಕೆಯಲ್ಲಿ ಉಳಿಯುತ್ತದೆ, ಡಬ್ಬಿಯ ತಗಡಾಗಿ ಮಾತ್ರ ಹಿಂತಿರುಗುವುದಿಲ್ಲ.

ಸಂಗ್ರಹಣೆ

ಬಳಸಿದ ಡಬ್ಬಿ ಎರಡು ತಿಂಗಳಲ್ಲಿ ಹೊಸ ಡಬ್ಬಿಯಾಗಿ ಅಂಗಡಿಗೆ ಮರಳಬಲ್ಲದು ಎನ್ನಲಾಗುತ್ತದೆ. ಸುತ್ತು ಇಷ್ಟು ಚಿಕ್ಕದಾದಷ್ಟೂ ಸೋರಿಕೆ ಬೇಗ ಬೇಗ ಸಂಭವಿಸುತ್ತದೆ. 100 ಡಬ್ಬಿಗಳಲ್ಲಿ 70 ಸಂಗ್ರಹವಾಗಿ, ಅವುಗಳ ಲೋಹದಲ್ಲಿ ಶೇ. 95 ಕುಲುಮೆಯಿಂದ ಹೊರಬಂತು ಎಂದುಕೊಂಡರೆ, ಒಂದು ಸುತ್ತಿಗೆ ಉಳಿಯುವುದು 66 ಡಬ್ಬಿಗಳಷ್ಟು ಲೋಹ. ಐದು ಸುತ್ತುಗಳ ನಂತರ 13. ಸಂಗ್ರಹ 90ಕ್ಕೆ ಏರಿದರೆ ಐದು ಸುತ್ತುಗಳ ನಂತರವೂ ಸುಮಾರು 46 ಉಳಿಯುತ್ತದೆ. ಕುಲುಮೆಯ ತಂತ್ರವನ್ನು ಎಷ್ಟು ಸುಧಾರಿಸಿದರೂ ಸಂಗ್ರಹದ ಕೊರತೆಯನ್ನು ಅದು ತುಂಬಲಾರದು.

ಸಂಗ್ರಹದ ಪ್ರಮಾಣ ದೇಶದಿಂದ ದೇಶಕ್ಕೆ ಬಹಳ ಬೇರೆ. ಜರ್ಮನಿಯಲ್ಲಿ 2003ರಿಂದ ಪಾನೀಯದ ಪ್ರತಿ ಡಬ್ಬಿಗೆ 25 ಯೂರೋ ಸೆಂಟ್ ಠೇವಣಿ ಇದೆ. ಅಲ್ಲಿ ಹೆಚ್ಚುಕಡಿಮೆ ಎಲ್ಲ ಡಬ್ಬಿಗಳೂ ಮರಳುತ್ತವೆ. ಅಮೆರಿಕದಲ್ಲಿ ಆರೆಗನ್ ರಾಜ್ಯ 1971ರಲ್ಲೇ ಠೇವಣಿ ಕಾಯ್ದೆ ತಂದರೂ ಹೆಚ್ಚಿನ ರಾಜ್ಯಗಳಲ್ಲಿ ಅಂತಹ ಕಾಯ್ದೆ ಇಲ್ಲ; ದೇಶದ ಒಟ್ಟು ಅಲ್ಯೂಮಿನಿಯಂ ಡಬ್ಬಿಗಳಲ್ಲಿ ಅರ್ಧಕ್ಕಿಂತ ಕಡಿಮೆ ಮರುಬಳಕೆಯಾಗುತ್ತವೆ. ಬ್ರೆಜಿಲ್‌ನಲ್ಲಿ ಠೇವಣಿ ಇಲ್ಲದೆಯೇ ಶೇ. 95ಕ್ಕೂ ಮೀರಿದ ಪ್ರಮಾಣ ಹಲವು ವರ್ಷಗಳಿಂದ ದಾಖಲಾಗುತ್ತಿದೆ. ಜಗತ್ತಿಗೆ ಮಾದರಿ ಎಂದು ಉದಾಹರಿಸಲಾಗುವ ಈ ಅಂಕಿಯ ಹಿಂದಿರುವುದು ಬೀದಿ ಬೀದಿಗಳಲ್ಲಿ ಡಬ್ಬಿ ಆಯ್ದು ಜೀವನ ಸಾಗಿಸುವ ಬಡವರ ದುಡಿಮೆ.

ಭಾರತದಲ್ಲಿ

ಭಾರತದಲ್ಲಿ ತವರ ಲೇಪಿತ ತಗಡಿನ ಬಳಕೆ ವ್ಯಾಪಕವಾದದ್ದು ಸೀಮೆಎಣ್ಣೆ ಡಬ್ಬಗಳಿಂದ. ಬರ್ಮಾ ಆಯಿಲ್ ಮತ್ತು ಟಾಟಾ ಸಂಸ್ಥೆಗಳು ಕೂಡಿ 1920ರಲ್ಲಿ ಟಿನ್‌ಪ್ಲೇಟ್ ಕಂಪನಿಯನ್ನು ಸ್ಥಾಪಿಸಿ ಜಮ್‌ಶೆಡ್‌ಪುರದ ಗೋಲ್ಮುರಿಯಲ್ಲಿ ಕಾರ್ಖಾನೆ ತೆರೆದವು. 2024ರಲ್ಲಿ ಅದು ಟಾಟಾ ಸ್ಟೀಲ್‌ನಲ್ಲಿ ವಿಲೀನವಾಯಿತು. ಖಾಲಿಯಾದ ಚೌಕ ಡಬ್ಬ ಎಸೆಯುವ ವಸ್ತುವಾಗಿರಲಿಲ್ಲ. ನೀರು ಹೊರಲು, ಕಾಳು ತುಂಬಲು, ಗಿಡ ನೆಡಲು, ಕೊನೆಗೆ ಬಿಡಿಸಿ ಹರವಿ ಗುಡಿಸಲಿನ ಮಾಡಿಗೂ ಗೋಡೆಗೂ ಹೊದಿಸಲು ಅದು ಬಳಕೆಯಾಗುತ್ತಿತ್ತು. ಬಳಸಿದ ಡಬ್ಬದಲ್ಲಿ ಮತ್ತೆ ಅಡುಗೆ ಎಣ್ಣೆ ತುಂಬಿ ಮಾರುವುದು ಮಾತ್ರ ಅಪಾಯಕಾರಿ ರೂಢಿ. ಲೇಪನ ಸವೆದು ತುಕ್ಕು ಹಿಡಿಯುವುದಲ್ಲದೆ ಹಳೆಯ ಎಣ್ಣೆಯ ಕಮಟು ಉಳಿಯುತ್ತದೆ. 2018ರ ಆಹಾರ ಪ್ಯಾಕೇಜಿಂಗ್ ನಿಯಮಗಳು ಒಮ್ಮೆ ಬಳಸಿದ ಟಿನ್ ಡಬ್ಬಗಳಲ್ಲಿ ಆಹಾರ ತುಂಬುವುದನ್ನು ನಿಷೇಧಿಸಿವೆ.

ಡಬ್ಬಿಗಳ ಸಂಗ್ರಹ ಇಂದಿಗೂ ಬಹುಪಾಲು ಚಿಂದಿ ಆಯುವವರು ಮತ್ತು ಗುಜರಿ ವ್ಯಾಪಾರಿಗಳ ಕೈಯಲ್ಲಿದೆ. ಒಂದು ಕಿಲೋಗ್ರಾಮಿಗೆ ಸುಮಾರು 75 ಅಲ್ಯೂಮಿನಿಯಂ ಡಬ್ಬಿಗಳು ಬೇಕು. ಅಲ್ಯೂಮಿನಿಯಂ ಗುಜರಿಯ ಬೆಲೆ ಕಬ್ಬಿಣದ ಗುಜರಿಗಿಂತ ಹಲವು ಪಟ್ಟು ಹೆಚ್ಚಿರುವುದರಿಂದ ಬೀದಿಯಲ್ಲಿ ಬಿದ್ದ ಪಾನೀಯದ ಡಬ್ಬಿ ಬಹುಕಾಲ ಅಲ್ಲೇ ಉಳಿಯುವುದಿಲ್ಲ. ಉಕ್ಕಿನ ಡಬ್ಬಿಗೆ ಅಷ್ಟು ಬೆಲೆಯಿಲ್ಲ. ಒಳಗೆ ಆಹಾರ ಅಂಟಿಕೊಂಡು ತುಕ್ಕು ಹಿಡಿದದ್ದನ್ನು ಕೊಳ್ಳುವವರೂ ಕಡಿಮೆ. ತೆರೆದ ಮುಚ್ಚಳದ ಅಂಚು ಆಯುವವರ ಕೈ ಕೊಯ್ಯುತ್ತದೆ. ಡಬ್ಬಿಯನ್ನು ತೊಳೆದು ಮುಚ್ಚಳವನ್ನು ಒಳಕ್ಕೆ ಮಡಚಿ ಒಣಕಸದೊಂದಿಗೆ ಕೊಟ್ಟರೆ ಅದು ಕುಲುಮೆ ತಲುಪುವ ಸಾಧ್ಯತೆ ಹೆಚ್ಚು. ಬೆಂಗಳೂರಿನಲ್ಲಿ ವಾರ್ಡ್ ಮಟ್ಟದ ಒಣತ್ಯಾಜ್ಯ ಸಂಗ್ರಹ ಕೇಂದ್ರಗಳಿದ್ದು, ಹಲವನ್ನು ಹಿಂದೆ ಚಿಂದಿ ಆಯುತ್ತಿದ್ದವರೇ ನಡೆಸುತ್ತಾರೆ. ಇವರ ನಡುವೆ ಕೆಲಸ ಮಾಡುತ್ತಿರುವ ಸಂಘಟನೆಗಳಲ್ಲಿ ಹಸಿರು ದಳ ಒಂದು.

ಭಾರತ ಅಲ್ಯೂಮಿನಿಯಂ ಗುಜರಿಯನ್ನು ದೊಡ್ಡ ಪ್ರಮಾಣದಲ್ಲಿ ಆಮದು ಮಾಡಿಕೊಳ್ಳುವ ದೇಶ. ಹಿಂಡಾಲ್ಕೊ 2007ರಲ್ಲಿ ಕೊಂಡ ನೊವೆಲಿಸ್ ಕಂಪನಿ ಡಬ್ಬಿಗಳ ಮರುಬಳಕೆಯಲ್ಲಿ ಜಗತ್ತಿನಲ್ಲೇ ಮುಂಚೂಣಿಯಲ್ಲಿದೆ. ಅದರ ಕಾರ್ಖಾನೆಗಳು ಇರುವುದು ಉತ್ತರ ಅಮೆರಿಕ, ಯೂರೋಪ್, ಬ್ರೆಜಿಲ್ ಮತ್ತು ಪೂರ್ವ ಏಷ್ಯಾದಲ್ಲಿ. ಕಾಗದ, ಗಾಜು ಮತ್ತು ಲೋಹದ ಪ್ಯಾಕೇಜಿಂಗ್ ತ್ಯಾಜ್ಯದ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸುವ ಕರಡು ನಿಯಮಗಳನ್ನು ಕೇಂದ್ರ ಪರಿಸರ ಸಚಿವಾಲಯ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು.